ಏಳೂ ವಾರ ಹಿಡಿದ ಸಿದರಾಯ ಮಾಸ್ತರರು

ಸಿದರಾಯ ಉಮರಾಣಿ ಮಾಸ್ತರರಿಗೆ ಈ ಲೋಕದಲ್ಲಿ ಹೆದರಿಕೆ ಇದ್ದದ್ದು ಸೂಜಿಯದು ಮಾತ್ರ. ಹಾವು ಕಂಡರೆ ಕೋಲು ಹುಡುಕುವವರು, ಮೇಲಧಿಕಾರಿ ಕಂಡರೆ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿಯುವವರು, ಸೂಜಿ ಕಂಡರೆ ಮಾತ್ರ ಕಣ್ಣು ತೇಲಿಸಿ ನೆಲಕ್ಕೆ ಬೀಳುತ್ತಿದ್ದರು. ಶಾಲೆಯಲ್ಲಿ ಲಸಿಕೆ ಹಾಕಿದ ದಿನ ಅಳುತ್ತಿದ್ದ ಹುಡುಗಿಯನ್ನು ಹಿಡಿದುಕೊಳ್ಳಲು ಹೋಗಿ ಅವರೇ ಬಿದ್ದದ್ದನ್ನೂ, ಆ ಹುಡುಗಿ ಅಳು ನಿಲ್ಲಿಸಿ ಅವರಿಗೆ ನೀರು ತಂದುಕೊಟ್ಟದ್ದನ್ನೂ ರಾಯಬಾಗದಲ್ಲಿ ಇಂದಿಗೂ ಹೇಳಿಕೊಂಡು ನಗುತ್ತಾರೆ.

ಇಂಥವರ ರಕ್ತವನ್ನು ಒಂದು ರವಿವಾರ ಪರೀಕ್ಷೆ ಮಾಡಿದರು. ರಕ್ತ ತೆಗೆಯುವಾಗ ಮಾಸ್ತರರಿಗೆ ಎಚ್ಚರ ಇರಲಿಲ್ಲವಾದ್ದರಿಂದ ಕೆಲಸ ಸಲೀಸಾಗಿ ಮುಗಿಯಿತು. ಎಚ್ಚರ ಬಂದ ಮೇಲೆ ಡಾಕ್ಟರು ಕಾಗದ ನೋಡಿದರು.

"ಸಕ್ಕರಿ ಮುನ್ನೂರಾ ಹನ್ನೆರಡು ಐತಿ ಮಾಸ್ತರ. ಗುಳಗಿ ಬರದ ಕೊಡತೇನಿ. ಇನ್ನ ಇಪ್ಪತ್ತ ದಿನಕ್ಕ ಶನಿವಾರ ಬರ್ರಿ. ಅಷ್ಟರಾಗ ಎರಡನೂರರ ಕೆಳಗ ಇಳೀಲಿಲ್ಲಂದ್ರ ಇನ್ಸುಲಿನ್ ಸುರು. ದಿನಕ್ಕ ಎರಡ ಸಲ ಸೂಜಿ."

ಮಾಸ್ತರರು ಮತ್ತೆ ಬೀಳಲು ತಯಾರಾದರು. ಹೆಂಡತಿ ಸರಿತಾಬಾಯಿ ರಟ್ಟೆ ಹಿಡಿದು ನಿಲ್ಲಿಸಿದರು. ಆಕೆ ಮನೆಯಲ್ಲಿ ಬ್ಲೌಜು ಹೊಲಿಯುವವರು. ದಾರಿಯಲ್ಲಿ ಒಂದೇ ಮಾತು ಹೇಳಿದರು.

"ಚಿಂತಿ ಮಾಡಬ್ಯಾಡ್ರಿ. ಸೂಜಿ ನಾನ ಹಾಕತೇನಿ. ಹನ್ನೆರಡ ವರ್ಷದಿಂದ ಸೂಜಿ ಹಿಡದೀನಿ, ನನ್ನ ಕೈ ನಡಗೂದಿಲ್ಲ."

ಮಾಸ್ತರರಿಗೆ ಸಕ್ಕರೆ ಹೇಗೆ ಬಂತು ಎಂಬುದನ್ನು ಹೇಳಿಬಿಡುತ್ತೇನೆ. ಅವರು ಹಸಿವಿಗೆ ತಿನ್ನುವವರಲ್ಲ, ದಣಿವಿಗೆ ತಿನ್ನುವವರು. ಹಸಿವಾದಾಗ ಮನೆಯಲ್ಲಿ ಎರಡು ರೊಟ್ಟಿ ತಿಂದು ಏಳುತ್ತಿದ್ದರು. ಶಾಲೆ ಬಿಟ್ಟು, ಬಿಸಿಯೂಟದ ವರದಿ ಬರೆದು, ಮೂರು ಬಗೆಯ ಮಾಹಿತಿಯನ್ನು ಮೂರು ಕಡೆ ಕಳಿಸಿ ಹೊರಬೀಳುವ ಹೊತ್ತಿಗೆ ಮಾತ್ರ ಅವರ ಮೋಟರ್ ಸೈಕಲ್ಲು ಬಸ್‌ಸ್ಟ್ಯಾಂಡ್ ಎದುರಿನ ಆಬಾಸಾಹೇಬನ ಭಜಿ ಗಾಡಿಯ ಮುಂದೆ ತಾನಾಗಿ ನಿಲ್ಲುತ್ತಿತ್ತು. ಒಂದು ಪ್ಲೇಟು ಮಿರ್ಚಿ ಭಜಿ, ಒಂದು ವಡಾಪಾವ್, ಮೇಲೆ ಎರಡು ಚಮಚ ಸಕ್ಕರೆಯ ಖಡಕ್ ಚಹಾ. ಇದೇ ಮಾಸ್ತರರು ಶಾಲೆಯ ಆರೋಗ್ಯ ಸಪ್ತಾಹದಲ್ಲಿ ಕರಿದ ಪದಾರ್ಥದ ಮೇಲೆ ಮುಕ್ಕಾಲು ತಾಸು ಭಾಷಣ ಮಾಡುತ್ತಿದ್ದರು. ಭಾಷಣ ಮಾಡಿ ದಣಿವಾಗುತ್ತಿತ್ತು, ಆಗ ಮತ್ತೆ ಭಜಿ.

ಅದೇ ರವಿವಾರ ಸಂಜೆ ಆದೇಶ ಬಂತು. ಸೋಮವಾರದಿಂದ ಹದಿನಾರು ದಿನ ಸರಕಾರದ ಮನೆಮನೆ ಸಮೀಕ್ಷೆ. ಮಾಸ್ತರರಿಗೆ ಸಿಕ್ಕ ಊರು ರಾಯಬಾಗದಿಂದ ಚಿಂಚಲಿಯ ದಿಕ್ಕಿಗೆ ನಾಲ್ಕು ಕಿಲೋಮೀಟರು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ನನಗೆ ಬೀಗರಿದ್ದಾರೆ, ಮತ್ತೆ ಹೋಗುವುದಿದೆ.

ನೂರಾ ನಲವತ್ತು ಮನೆ, ಮನೆಗೆ ಅರವತ್ತು ಪ್ರಶ್ನೆ. ಪ್ರಶ್ನೆಗೆ ಉತ್ತರ ಕೊಡಲು ಜನ ತಯಾರಿದ್ದರು, ತೆಗೆದುಕೊಳ್ಳಲು ಮೊಬೈಲು ತಯಾರಿರಲಿಲ್ಲ. ಒಂದೊಂದು ಉತ್ತರ ಒತ್ತಿದಾಗಲೂ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತ ನಿಲ್ಲುತ್ತಿತ್ತು. ಇಲ್ಲಿ ಚಕ್ರ ತಿರುಗುವಷ್ಟರಲ್ಲಿ ಒಳಗೆ ಎಣ್ಣೆ ಕಾಯುತ್ತಿತ್ತು. ಮನೆಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಬಂದವರು ಕಾಲು ತಾಸಿಗಿಂತ ಹೆಚ್ಚು ಕುಳಿತರೆ ಬರೀ ಚಹಾದ ಮೇಲೆ ಕಳಿಸುವ ಪದ್ಧತಿಯೂ ಇಲ್ಲ.

ಮೊದಲ ಮನೆ ಅಣ್ಣಾಸಾಬರದು. ನಲವತ್ತು ಎಕರೆ ಕಬ್ಬು, ಮಾರುತಿ ಗುಡಿಯ ಪಂಚ ಕಮಿಟಿಗೆ ಅವರೇ ಹಿರಿಯರು. ಅವರ ಮನೆಯಾಕೆ ಅಕ್ಕಾತಾಯಿ ಹನ್ನೊಂದನೆಯ ಪ್ರಶ್ನೆಗೆ ಮಿರ್ಚಿ ಭಜಿಯ ತಾಟು ತಂದಿಟ್ಟರು. ಮೆಣಸಿನಕಾಯಿಯ ಹೊಟ್ಟೆಯಲ್ಲಿ ಜೀರಿಗೆ, ಹುಣಸೆ, ಮೇಲೆ ಹಿಟ್ಟಿನ ಅಂಗಿ, ಇನ್ನೂ ಚುಂಯ್ ಎನ್ನುತ್ತಿತ್ತು. ಮಾಸ್ತರರ ಕೈ ಹೋಯಿತು. ಕೈ ಹೋದ ಮೇಲೆ ಸೂಜಿ ನೆನಪಾಯಿತು. ಕೈ ಹಿಂದೆ ಬಂತು.

"ಯಾಕ್ರಿ ಸರ, ತಗೋರಿ."

ಸಕ್ಕರೆ ಇದೆ ಎಂದು ಹೇಳಬಹುದಿತ್ತು. ಆದರೆ ನಮ್ಮಲ್ಲಿ ಸಕ್ಕರೆ ಇದೆ ಎಂದು ಒಬ್ಬರ ಮುಂದೆ ಬಾಯಿಬಿಟ್ಟರೆ ಊರಿಗೂರೇ ವೈದ್ಯರಾಗಿಬಿಡುತ್ತದೆ. ಒಬ್ಬರು ಹಾಗಲಕಾಯಿ ರಸ ಅನ್ನುತ್ತಾರೆ, ಇನ್ನೊಬ್ಬರು ಬೇವಿನ ಚಿಗುರು, ಮತ್ತೊಬ್ಬರು ತಮ್ಮ ಷಡ್ಡಕನ ಕಾಲು ತೆಗೆದ ಕಥೆ. ಅದಕ್ಕಿಂತ ದೊಡ್ಡದಾಗಿ, ಮಾಸ್ತರರಿಗೆ ನಲವತ್ತೈದೇ ವಯಸ್ಸು, ಆರೋಗ್ಯದ ಭಾಷಣಕಾರರು ಬೇರೆ. ಮರ್ಯಾದೆಯ ಪ್ರಶ್ನೆ. ಬಾಯಿಂದ ತಾನಾಗಿ ಹೊರಬಿತ್ತು.

"ಇವತ್ತ ನಂದು ವಾರ ಐತ್ರಿ."

ವಾರ ಎಂದರೆ ದೇವರ ಹೆಸರಿನಲ್ಲಿ ವಾರಕ್ಕೊಂದು ದಿನ ಹಿಡಿಯುವ ಉಪವಾಸ. ವಾರ ಇದೆ ಎಂದವರನ್ನು ನಮ್ಮ ಕಡೆ ಯಾರೂ ಒತ್ತಾಯ ಮಾಡುವುದಿಲ್ಲ. ಮಾಸ್ತರರು ತಮ್ಮ ಬುದ್ಧಿಗೆ ತಾವೇ ಮೆಚ್ಚಿಕೊಂಡರು. ಅಕ್ಕಾತಾಯಿ ಗಲ್ಲ ಗಲ್ಲ ಬಡಿದುಕೊಂಡರು.

"ಸೋಮವಾರ ಅಲಾ? ಮದಲ ಹೇಳಬಾರದೇನ್ರಿ? ಪಾಪ, ಉಪಾಸ ಮನಷ್ಯಾಗ ಭಜಿ ತಂದಿಟ್ನಲ್ಲ."

ಭಜಿಯ ತಾಟು ಒಳಗೆ ಹೋಯಿತು. ಇಪ್ಪತ್ತೊಂದನೆಯ ಪ್ರಶ್ನೆಗೆ ಅದರ ಎರಡರಷ್ಟು ದೊಡ್ಡ ತಾಟು ಹೊರಗೆ ಬಂತು. ತುಪ್ಪದಲ್ಲಿ ಮುಳುಗಿದ ಸಾಬೂದಾಣಿ ಖಿಚಡಿ, ಕರಿದ ಬಟಾಟಿ, ಮೇಲೆ ಉದುರಿಸಿದ ಸಕ್ಕರೆ, ಎರಡು ಬಾಳೆಹಣ್ಣು, ಒಂದು ಶೇಂಗಾ ಉಂಡೆ, ಒಂದು ಲೋಟ ಗಟ್ಟಿ ಹಾಲು. ನಮ್ಮ ಈ ಗಡಿ ಭಾಗದಲ್ಲಿ ಉಪವಾಸ ಎಂದರೆ ಊಟ ಬಿಡುವುದಲ್ಲ, ಊಟ ಬದಲಿಸುವುದು. ರಾಯಬಾಗದಲ್ಲಿ ಹುಟ್ಟಿ ಬೆಳೆದ ಮಾಸ್ತರರಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಗಾಬರಿಯಲ್ಲಿ ಮರೆತಿದ್ದರು. ಉಪವಾಸದವನಿಗೆ ತಂದ ಫರಾಳ ಬಿಡುವುದೂ ದೇವರಿಗೆ ಅಪಮಾನ. ನಾಲ್ಕು ಚಮಚ ಖಿಚಡಿ ಇಳಿಯಿತು. ಇಳಿದ ಒಂದೊಂದು ಚಮಚವೂ ಸರಿತಾಬಾಯಿಯ ಕೈಯಲ್ಲಿನ ಸೂಜಿಯಂತೆ ಕಾಣತೊಡಗಿತು.

ಮರುದಿನ ಮಾಸ್ತರರು ಸುಳ್ಳನ್ನು ಗಟ್ಟಿ ಮಾಡಿಕೊಂಡು ಹೋದರು.

"ಮಂಗಳವಾರ ಚಿಂಚಲಿ ಮಾಯಕ್ಕಂದು ಹಿಡದೀನ್ರಿ. ನಿರಂಕಾರ."

ನಿರಂಕಾರ ಎಂದರೆ ಏನನ್ನೂ ಮುಟ್ಟದ ಉಪವಾಸ, ಹೊತ್ತು ಮುಳುಗುವ ತನಕ ನೀರೂ ಇಲ್ಲ. ಆ ಮನೆಯವರು ಕೈಮುಗಿದರು. ಖಿಚಡಿ ಬರಲಿಲ್ಲ. ಮಾಸ್ತರರಿಗೆ ದಾರಿ ಸಿಕ್ಕಿತು. ಬುಧವಾರ ಇನ್ನೊಂದು ಓಣಿಯಲ್ಲಿ ವಿಠೋಬನದು, ಗುರುವಾರ ಮತ್ತೊಂದರಲ್ಲಿ ದತ್ತನದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಮಾರುತಿಯದು, ರವಿವಾರ ಖಂಡೋಬನದು. ದಿನಕ್ಕೊಂದು ಓಣಿ, ಓಣಿಗೊಂದು ದೇವರು. ಒಂದು ಓಣಿಯ ಸುದ್ದಿ ಇನ್ನೊಂದು ಓಣಿಗೆ ಹೋಗುವುದಿಲ್ಲ ಎಂದು ನಂಬಿದ್ದರು. ಮಕ್ಕಳಿಗೆ ಭೂಗೋಳ ಕಲಿಸುವ ಮನುಷ್ಯನಿಗೆ ಊರಿನಲ್ಲಿ ಹಿಟ್ಟಿನ ಗಿರಣಿ ಎಂಬುದೊಂದು ಇರುತ್ತದೆ ಎನ್ನುವುದು ಹೊಳೆಯಲಿಲ್ಲ.

ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು ನಿಂತ ಹೆಂಗಸರು ಮಾತಿಗೆ ಮಾತು ಕೂಡಿಸಿದರು. ಬೇರೆ ಯಾವ ಊರಾದರೂ ಮಾಸ್ತರ ಸುಳ್ಳ ಎಂದು ತೀರ್ಮಾನ ಮಾಡುತ್ತಿತ್ತು. ಈ ಊರಿನವರು ಮನುಷ್ಯರ ಮೇಲೆ ಅಷ್ಟು ಬೇಗ ಸಂಶಯಪಡುವವರಲ್ಲ.

"ಅಂದ್ರ ಏಳೂ ವಾರ ಹಿಡದಾರ ನೋಡ್ರೆವಾ," ಎಂದರು ಅಕ್ಕಾತಾಯಿ. "ಅದೂ ನಿರಂಕಾರ. ನನ್ನ ಮುಂದ ಸೋಮವಾರ ನಾಕ ಚಮಚ ಮುಟ್ಟಿದ್ದು ನಾ ನೊಂದಕೋಬಾರದು ಅಂತ."

ಅಕ್ಕಾತಾಯಿಯ ಹೊಲದ ಆಳು ಧರೆಪ್ಪ ಇದಕ್ಕೆ ಸಾಕ್ಷಿ ಒದಗಿಸಿದ. ಮಾಸ್ತರರು ದಿನಾ ಮಧ್ಯಾಹ್ನ ಒಂದು ಕೈಚೀಲ ಹಿಡಿದು ಅಣ್ಣಾಸಾಬರ ಕಬ್ಬಿನೊಳಗೆ ಹೋಗಿ ಅರ್ಧ ತಾಸು ಕಾಣೆಯಾಗುತ್ತಾರೆ ಎಂದ. ನಿಜವೇ. ಚೀಲದಲ್ಲಿ ಸರಿತಾಬಾಯಿ ಕೊಟ್ಟ ಎರಡು ಜೋಳದ ರೊಟ್ಟಿ, ಮೆಂತೆ ಪಲ್ಯ, ಒಂದು ಸೌತೆಕಾಯಿ ಇರುತ್ತಿತ್ತು. ಆಳೆತ್ತರ ನಿಂತ ಸಕ್ಕರೆಯ ನಡುವೆ ಕುಳಿತು ಸಕ್ಕರೆ ರೋಗಿ ಕದ್ದುಮುಚ್ಚಿ ರೊಟ್ಟಿ ಮುರಿಯುತ್ತಿದ್ದ. ಕಬ್ಬಿನ ಒಣ ಗರಿ, ರವದಿ, ಸರಸರ ಅಂದರೆ ಬಾಯೊಳಗಿನ ತುತ್ತು ನುಂಗದೆ ಕಣ್ಣು ಮುಚ್ಚಿ ಕೂಡುತ್ತಿದ್ದ. ಧರೆಪ್ಪ ನೋಡಿದ್ದು ಆ ಕಣ್ಣು ಮುಚ್ಚಿದ ಹೊತ್ತನ್ನು.

"ಜಪಕ್ಕ ಕುಂದರತಾರ್ರಿ. ಗಲ್ಲ ಉಬ್ಬಿರತೈತಿ. ಉಸರ ಒಳಗ ಹಿಡದಿರಬೇಕು."

ಹತ್ತನೆಯ ದಿನ ಮಾಸ್ತರರು ನಿಜವಾಗಿ ಸೋತರು. ಆ ದಿನ ಇಪ್ಪತ್ತು ಮನೆ ಮಾಡಿದ್ದರು, ಹನ್ನೊಂದು ಮನೆಯ ಮಾಹಿತಿ ಚಕ್ರದೊಳಗೆ ಸಿಕ್ಕಿಕೊಂಡಿತ್ತು. ಮೇಲ್ವಿಚಾರಕ ಶಾಂತಿನಾಥ ಮಗದುಮ್ಮರು ಏಳು ಸಲ ಫೋನು ಮಾಡಿ "ಎಷ್ಟ ಮನಿ ಆತ್ರಿ" ಎಂದಿದ್ದರು. ಕಾಲು ಬಾತಿತ್ತು, ತಲೆ ಸಿಡಿಯುತ್ತಿತ್ತು, ಮೋಟರ್ ಸೈಕಲ್ಲು ಹಳೆಯ ಚಾಳಿಯಂತೆ ಆಬಾಸಾಹೇಬನ ಗಾಡಿಯ ಮುಂದೆ ನಿಂತಿತು. ಒಂಬತ್ತು ದಿನ ಅವರು ಕಾಲುವೆ ದಾರಿ ಹಿಡಿದು ಸುತ್ತಿಕೊಂಡು ಮನೆ ಸೇರಿದ್ದರು. ಇವತ್ತು ಸುತ್ತುವ ಶಕ್ತಿ ಇರಲಿಲ್ಲ.

"ಎಲ್ಲಿ ಹೋಗಿದ್ರಿ ಸರ? ಬಂಡಿನ ಬಂದ ಮಾಡಬೇಕ ಅನಕೊಂಡಿದ್ದೆ," ಎನ್ನುತ್ತ ಆಬಾಸಾಹೇಬ ಕಾಗದದ ಮೇಲೆ ನಾಲ್ಕು ಭಜಿ ಹಾಕಿ ಕೈಗೆ ಕೊಟ್ಟ. ಮಾಸ್ತರರು ಒಂದನ್ನು ಎತ್ತಿದರು. ಬಾಯಿ ತೆರೆದರು. ಆ ಕ್ಷಣದಲ್ಲಿ ಡಾಕ್ಟರೂ ಇಲ್ಲ, ಸರಿತಾಬಾಯಿಯೂ ಇಲ್ಲ, ಸರಕಾರವೂ ಇಲ್ಲ.

"ನಮಸ್ಕಾರ್ರಿ ಸರ. ಇವತ್ತ ಬುಧವಾರ ಅಲ್ರಿ? ವಿಠೋಬಾಂದು."

ಧರೆಪ್ಪ. ಟ್ರ್ಯಾಕ್ಟರಿನ ಸಾಮಾನು ತರಲು ಪೇಟೆಗೆ ಬಂದವನು ಕೈಮುಗಿದು ನಿಂತಿದ್ದ. ಮಾಸ್ತರರ ಕೈ ಬಾಯಿಗೂ ಕಾಗದಕ್ಕೂ ನಡುವೆ ನಿಂತಿತು. ಕಾಲ ಬಳಿ ಒಂದು ಬೀದಿನಾಯಿ ಇತ್ತು. ದೇವರು ಕಳಿಸಿದನೆಂದೇ ನಾನು ನಂಬುತ್ತೇನೆ.

"ಇದು ನನಗಲ್ಲೋ ಧರೆಪ್ಪ, ಈ ಮೂಕ ಪ್ರಾಣಿಗೆ," ಎಂದು ಒಂದರ ಹಿಂದೊಂದು ನಾಲ್ಕೂ ಭಜಿ ನಾಯಿಯ ಮುಂದೆ ಹಾಕಿದರು. ನಾಯಿ ಖಾರಕ್ಕೆ ಎರಡು ಸಲ ಕೆಮ್ಮಿ ಎಲ್ಲವನ್ನೂ ತಿಂದಿತು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಧರೆಪ್ಪ ಅದನ್ನು ಕರುಣೆ ಎಂದುಕೊಂಡ.

ಅಂದು ರಾತ್ರಿ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ತಾನು ಹಸಿದುಕೊಂಡು ನಾಯಿಗೆ ಉಣಿಸುವ ಮನುಷ್ಯ ಮಾಸ್ತರನಾಗಿ ಹುಟ್ಟಿದ್ದೇ ಒಂದು ಆಕಸ್ಮಿಕ ಎಂದು ಅಣ್ಣಾಸಾಬರು ಹೇಳಿದರು. ಮರುದಿನದಿಂದ ಜನ ಮಾಸ್ತರರು ಬರುವ ತನಕ ಕಾಯಲಿಲ್ಲ. ಆಧಾರ್ ಕಾರ್ಡು, ರೇಶನ್ ಕಾರ್ಡು ಹಿಡಿದು ತಾವೇ ಸಾಲು ನಿಂತರು. ಮೊಬೈಲಿಗೆ ಬಂದ ಓಟಿಪಿ ಕೇಳುವ ಮೊದಲೇ ಹೇಳಿದರು. ಒಬ್ಬಾಕೆ ಸೊಸೆಯ ಹೊಟ್ಟೆ ಮುಟ್ಟಿ ಹರಸಿರಿ ಎಂದಳು, ಮಾಸ್ತರರು ಹೆದರಿ ಸಮೀಕ್ಷೆಯ ಸ್ಟಿಕರು ಕೊಟ್ಟು ಬಂದರು. ಅದನ್ನು ಆಕೆ ಬಾಗಿಲಿಗೆ ಅಂಟಿಸದೆ ದೇವರ ಜಗುಲಿಗೆ ಅಂಟಿಸಿದಳು.

ತಾಲೂಕಿನಲ್ಲಿ ಬೇರೆ ಕಡೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದಾಗ ಈ ಊರಿನಲ್ಲಿ ಮಾತ್ರ ಕೆಲಸ ಓಡುತ್ತಿರುವುದು ನೋಡಿ ಶಾಂತಿನಾಥರು ಪರಿಶೀಲನೆಗೆ ಬಂದರು. ಅಣ್ಣಾಸಾಬರು ಎಲ್ಲವನ್ನೂ ವಿವರಿಸಿದರು. ಶಾಂತಿನಾಥರು ಮಾಸ್ತರರನ್ನು ಬೇವಿನ ಗಿಡದ ಮರೆಗೆ ಕರೆದರು. ಬೈಗುಳ ಬರುತ್ತದೆಂದು ಮಾಸ್ತರರು ತಲೆ ತಗ್ಗಿಸಿದರು.

"ಉಮರಾಣಿ ಸರ, ಒಂದ ಮಾತ. ನನ್ನ ಪ್ರಮೋಶನ್ ಫೈಲ ಬೆಳಗಾವಿಯೊಳಗ ಎರಡ ವರ್ಷ ಆತು, ಏಳವಲ್ದು. ಅದರ ಝೆರಾಕ್ಸ್ ತಂದೀನಿ. ಒಂದೀಟ ಕೈ ಇಡ್ರಿ."

ಮಾಸ್ತರರು ಕೈ ಇಟ್ಟರು. ಇಡದೆ ಏನು ಮಾಡುತ್ತಾರೆ, ಮೇಲ್ವಿಚಾರಕರು.

ಹದಿಮೂರನೆಯ ದಿನ ಅಣ್ಣಾಸಾಬರು ಗುಡಿಯ ಕಟ್ಟೆಯ ಮೇಲೆ ನಿಂತು ಸಾರಿದರು.

"ಹದಿನಾರು ದಿನ ವ್ರತಾ ಮಾಡಿದ ಮ್ಯಾಲ ಉದ್ಯಾಪನಿ ಆಗಬೇಕು. ಇಲ್ಲಂದ್ರ ಮಾಡಿದ್ದೆಲ್ಲಾ ನೀರಾಗ ಹೋಕ್ಕೈತಿ. ಮಂಗಳವಾರ ಸಮೀಕ್ಷೆ ಮುಗೀತೈತಿ. ಅವತ್ತ ಮಧ್ಯಾಹ್ನ ಊರಿಂದ ಉದ್ಯಾಪನಿ. ಮನಿಗೊಂದ ಅಡಗಿ. ಮಾಸ್ತರ ಎಲ್ಲಾದ್ರಾಗಿಂದೂ ಒಂದೊಂದ ತುತ್ತ ತಗೋಬೇಕು, ಆಮ್ಯಾಲೆ ನಾವು ಉಣ್ಣೂದು."

ಸೋಮವಾರದ ಹೊತ್ತಿಗೆ ಪಟ್ಟಿ ತಯಾರಾಯಿತು. ಹೂರಣದ ಹೋಳಿಗೆ, ಗೋದಿ ಹುಗ್ಗಿ, ಶೇಂಗಾ ಹೋಳಿಗೆ, ಕರಚಿಕಾಯಿ, ಬಾಸುಂದಿ, ಶ್ರೀಖಂಡ, ಬುಂದೆ ಲಾಡು, ಜಿಲೇಬಿ, ಮೂರು ಬಗೆಯ ಭಜಿ. ನೂರಾ ನಲವತ್ತು ಮನೆಯಿಂದ ನೂರಾ ನಲವತ್ತು ತುತ್ತು. ಡಾಕ್ಟರ ಹತ್ತಿರ ಹೋಗುವುದು ಶನಿವಾರ. ಮಾಸ್ತರರು ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಸರಿತಾಬಾಯಿ ಕಾಜಾ ಹೊಲಿಯುವುದನ್ನು ನಿಲ್ಲಿಸಲಿಲ್ಲ.

"ತಿನ್ರಿ. ನೂರಾ ನಲವತ್ತೂ ತಿನ್ರಿ. ಸೂಜಿ ಸಣ್ಣದ ಬರತೈತೋ ದೊಡ್ಡದ ಬರತೈತೋ ಇವತ್ತ ಕೇಳಿಕೊಂಡ ಬರತೇನಿ."

ಮಂಗಳವಾರ ಬೆಳಗ್ಗೆ ಉಳಿದದ್ದು ಒಂದೇ ಮನೆ, ಊರಂಚಿನ ಓಣಿಯಲ್ಲಿ ಸಕ್ಕುಬಾಯಿಯದು. ಹೋದಾಗಲೆಲ್ಲ ಬೀಗ ಇರುತ್ತಿತ್ತು. ಸಕ್ಕುಬಾಯಿ ಹೊಲದ ಕೆಲಸಕ್ಕೆ ಹೋಗುವವಳು, ಸೊಸೆ ಸಪನಾ ಅದೇ ಊರಿನ ಆಶಾ ಕಾರ್ಯಕರ್ತೆ. ಇಂದು ಇಬ್ಬರೂ ಮನೆಯಲ್ಲಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ, ಕೆಳಗೆ ಮಾಸ್ತರರಿಗೆ ಹಾಸಿದ ಚಾಪೆ. ಐವತ್ತೊಂಬತ್ತು ಪ್ರಶ್ನೆ ಸಲೀಸಾಗಿ ಮುಗಿದವು. ಸಪನಾ ಚಹಾ ತಂದಳು.

"ಬ್ಯಾಡ್ರಿ. ಇವತ್ತ ನಂದು ವಾರ."

ಸಕ್ಕುಬಾಯಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಮಾಸ್ತರರ ಮುಖವನ್ನೇ ನೋಡಿದಳು.

"ಸರ, ನಾವು ಬೌದ್ಧರು. ನಮ್ಮ ಮನ್ಯಾಗ ವಾರ ಗೀರ ಇಲ್ಲ. ಊರವರು ನಿಮ್ಮನ್ನ ದೇವರ ಅಂತಾರ, ಅನ್ಲಿ. ನನಗ ಒಂದ ತಿಳೀಬೇಕು. ಹಿಂದಕ ಒಬ್ಬಾಂವ ಮಾಸ್ತರ ಇದ್ದ. ಊರಾಗೆಲ್ಲ ಉಣತಿದ್ದ. ನಮ್ಮ ಓಣಿಗೆ ಬಂದಾಗ ಅಷ್ಟ ಅವಂಗ ವಾರ ಬರತಿತ್ತು. ನಿಮ್ಮದು ಅಂಥಾ ವಾರೋ, ಬ್ಯಾರೆ ವಾರೋ?"

ಹದಿನಾರು ದಿನ ಮಾಸ್ತರರು ಹೇಳಿದ ಸುಳ್ಳು ಎಲ್ಲ ಮನೆಯಲ್ಲೂ ಸಲೀಸಾಗಿ ನಡೆದಿತ್ತು. ಇಲ್ಲಿ ಬಂದು ಅದು ನಡೆಯಲಿಲ್ಲ. ತಮ್ಮ ಒಂದು ಮಾತು ಈ ಮನೆಯಲ್ಲಿ ಹೀಗೂ ಕೇಳಿಸಬಹುದೆಂದು ಅವರು ಯೋಚಿಸಿಯೇ ಇರಲಿಲ್ಲ. ನಾಚಿಕೆಯಿಂದ ಅವರ ಕಿವಿ ಕೆಂಪಾಯಿತು.

"ಇಲ್ಲವ್ವಾ," ಎಂದರು ಮೆಲ್ಲಗೆ. "ಯಾವ ವಾರಾನೂ ಇಲ್ಲ. ನನಗ ಸಕ್ಕರಿ ಐತಿ. ಮುನ್ನೂರಾ ಹನ್ನೆರಡು."

"ಅಷ್ಟ?"

"ಅಷ್ಟ."

"ಅದಕ್ಕ ಇಷ್ಟ ದೇವರನ್ನ ಕರೀಬೇಕೇನ್ರಿ? ಸಪನಾ, ಇದನ್ನ ಒಯ್ಯಿ. ಸಕ್ಕರಿ ಹಾಕ್ದ ಒಂದ ಕಪ್ ಮಾಡಿಕೊಂಡ ಬಾ."

ಮಾಸ್ತರರು ಆ ಚಹಾವನ್ನು ತಳ ಕಾಣುವ ತನಕ ಕುಡಿದರು. ಹದಿನಾರು ದಿನದಲ್ಲಿ ಅವರು ನೆಮ್ಮದಿಯಿಂದ ಬಾಯಿಗಿಟ್ಟದ್ದು ಅದೊಂದೇ. ಸಪನಾ ಬೆರಳು ಚುಚ್ಚಿ ನೋಡುವ ಯಂತ್ರ ತರುತ್ತೇನೆಂದಾಗ ಮಾತ್ರ, ಹೊತ್ತಾಯಿತು ಎಂದು ಎದ್ದು ಬಂದರು.

ಬಾಗಿಲು ತೆರೆದಿತ್ತು. ದಾರಿಯಲ್ಲಿ ಹೋಗುವವರು ನೋಡಿದರು. ಮಾಸ್ತರರು ಮೋಟರ್ ಸೈಕಲ್ಲಿನಲ್ಲಿ ಗುಡಿ ಮುಟ್ಟುವ ಮೊದಲೇ ಸುದ್ದಿ ನಡೆದುಕೊಂಡು ಮುಟ್ಟಿತ್ತು. ಗುಡಿಯ ಅಂಗಳದಲ್ಲಿ ಊರು ಕೂಡಿತ್ತು. ಪಂಕ್ತಿಯ ತಲೆಗೆ ಮಣೆ, ಮಣೆಯ ಮುಂದೆ ಬಾಳೆ ಎಲೆ, ಎಲೆಯ ಸುತ್ತ ಪಾತ್ರೆಗಳ ಒಂದು ಸಣ್ಣ ಊರು. ಶಾಂತಿನಾಥರೂ ಬಂದಿದ್ದರು. ಆದರೆ ಯಾರೂ ಬರ್ರಿ ಅನ್ನಲಿಲ್ಲ. ಅಕ್ಕಾತಾಯಿ ಮುಂದೆ ಬಂದರು.

"ಸರ, ನಮ್ಮ ಮನ್ಯಾಗ ನಾಕ ಚಮಚ ಖಿಚಡಿ ಬಿಟ್ರ ಈ ಊರಾಗ ನೀವು ನೀರ ಸೈತ ಮುಟ್ಟಿಲ್ಲ. ಇವತ್ತ ಉದ್ಯಾಪನಿ ಆಗೂಕಿಂತ ಮದಲ ಸಕ್ಕುಬಾಯಿ ಮನ್ಯಾಗ ಚಹಾ ಕುಡದ್ರಂತ. ಸುಳ್ಳ ಅಂತ ಒಂದ ಮಾತ ಹೇಳ್ರಿ, ಸಾಕು."

ಸುಳ್ಳು ಅನ್ನುವುದು ಬಹಳ ಸುಲಭವಿತ್ತು, ಊರೇ ಕೈಗೆ ಕೊಡುತ್ತಿತ್ತು. ಹಾಗೆ ಅಂದರೆ ನೂರಾ ನಲವತ್ತು ತುತ್ತು ತಿನ್ನಬೇಕು. ಅದಕ್ಕಿಂತ ದೊಡ್ಡ ಕಷ್ಟ, ಗುಂಪಿನ ಕೊನೆಯಲ್ಲಿ ಸಕ್ಕುಬಾಯಿ ಸೆರಗಿನಡಿ ಒಂದು ಗಂಟು ಹಿಡಿದು ಸೊಸೆಯ ಜೊತೆ ನಿಂತಿದ್ದಳು. ಸಿದರಾಯ ಮಾಸ್ತರರನ್ನು ನಾನು ಇಷ್ಟು ಹೊತ್ತು ಆಡಿಕೊಂಡು ಬಂದೆ. ಇಲ್ಲಿ ಮಾತ್ರ ಅವರಿಗೆ ಕೈಮುಗಿಯುತ್ತೇನೆ.

"ಕುಡದೇನಿ," ಎಂದರು. "ಸಕ್ಕರಿ ಇಲ್ದ ಕುಡದೇನಿ. ನನಗ ಯಾವ ವಾರಾನೂ ಇಲ್ರಿ. ಕಬ್ಬಿನ್ಯಾಗ ಕುಂತ ದಿನಾ ರೊಟ್ಟಿ ತಿಂತಿದ್ದೆ. ನಾಯಿಗೆ ಹಾಕಿದ ಭಜಿ ನಾನ ತಿನ್ನಾಕ ತಗೊಂಡಿದ್ದೆ. ನನಗ ಸಕ್ಕರಿ ಐತಿ, ಹೇಳಾಕ ನಾಚಿಕಿ ಬಂತು. ತಪ್ಪಾತು."

ಜಿಲೇಬಿಯ ಮೇಲೆ ಕೂತ ನೊಣದ ಸದ್ದು ಕೇಳಿಸುತ್ತಿತ್ತು. ಮೊದಲ ತುತ್ತು ಕೊಡಲು ತುಪ್ಪದಲ್ಲಿ ಅದ್ದಿದ ಹೋಳಿಗೆ ಹಿಡಿದಿದ್ದ ಅಣ್ಣಾಸಾಬರು ಹೋಳಿಗೆಯನ್ನೂ ಮಾಸ್ತರರನ್ನೂ ನೋಡಿದರು. ಬೈಯಲು ಬಾಯಿ ತೆರೆದರು ಎಂದು ಎಲ್ಲರೂ ತಿಳಿದರು.

"ಎಷ್ಟ ಐತಿ?" ಎಂದರು.

"ಮುನ್ನೂರಾ ಹನ್ನೆರಡು ಇತ್ರಿ."

ಅಣ್ಣಾಸಾಬರು ಹೋಳಿಗೆಯನ್ನು ಪಾತ್ರೆಗೆ ವಾಪಸು ಹಾಕಿ ಬೆರಳು ಒರೆಸಿಕೊಂಡರು.

"ನಂದು ಎರಡನೂರಾ ಎಂಬತ್ತು."

ಅಕ್ಕಾತಾಯಿ ಗಂಡನ ಕಡೆ ತಿರುಗಿದರು. "ಅಂದ್ರ ಆರ ವರ್ಷದಿಂದ ನೀವು ಗುರುವಾರ ಹಿಡದದ್ದು?"

"ದತ್ತಾಂದಲ್ಲ. ಡಾಕ್ಟರಂದು."

ಶಾಂತಿನಾಥರು ಕೆಮ್ಮಿದರು. "ನಾವು ಜೈನರು, ಹೊತ್ತ ಮುಳಗಿದ ಮ್ಯಾಲ ಉಣ್ಣೂದಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ. ಹಗಲ ಎಲ್ಲಿ ಹ್ವಾದ್ರೂ ನಾ ಯಾಕ ಸಿಹಿ ಮುಟ್ಟೂದಿಲ್ಲ ಅಂತ ಯಾರೂ ಕೇಳಿಲ್ಲ. ಎರಡನೂರಾ ನಲವತ್ತು." ಗುಡಿಯ ಪೂಜಾರಿ, ತಾನು ಪ್ರಸಾದ ಹಂಚುವವನೇ ಹೊರತು ನಾಲ್ಕು ವರ್ಷದಿಂದ ತಿಂದವನಲ್ಲ ಎಂದ. ಅವನ ಹಿಂದೆ ಗಿರಣಿಯವ, ಗಿರಣಿಯವನ ಹಿಂದೆ ಹಾಲಿನ ಡೈರಿಯ ಸೆಕ್ರೆಟರಿ. ಒಬ್ಬೊಬ್ಬರಾಗಿ ಎದ್ದು ನಿಂತು, ಮಗಳ ಮದುವೆ ಗೊತ್ತುಪಡಿಸಿದ ಧಾಟಿಯಲ್ಲಿ ತಮ್ಮ ತಮ್ಮ ಅಂಕಿ ಹೇಳಿದರು. ಊರಿನ ಶನಿವಾರ, ಸೋಮವಾರ, ಏಕಾದಶಿಗಳಲ್ಲಿ ಅರ್ಧದಷ್ಟು ದೇವರಿಗೆ ಸೇರಿದವಲ್ಲ ಎಂದು ಒಂದೇ ಮಧ್ಯಾಹ್ನದಲ್ಲಿ ಬಯಲಾಯಿತು.

ಸಪನಾ ಕಟ್ಟೆಯ ಮೇಲೆ ಸಣ್ಣ ಯಂತ್ರ ಇಟ್ಟು, ನೋಂದಣಿ ಪುಸ್ತಕ ಬಿಚ್ಚಿದಳು.

"ಐದ ವರ್ಷದಿಂದ ಮನಿ ಮನಿಗೆ ಬಂದ ಕೇಳತೇನಿ, ಯಾರಿಗೂ ಏನೂ ಇಲ್ಲ ಅಂತೀರಿ. ಈಗ ಸಾಲಾಗಿ ನಿಂದರ್ರಿ. ಯಾರ ಮದಲ?"

"ಉದ್ಯಾಪನಿ ಅಂದ ಮ್ಯಾಲ ಮದಲ ಮಾಸ್ತರಂದು," ಎಂದಿತು ಊರು ಒಂದೇ ಬಾಯಲ್ಲಿ.

ತುತ್ತು ತಪ್ಪಿತು ಅನ್ನುವಷ್ಟರಲ್ಲಿ ಸೂಜಿ ಬಂತು. ಮಾಸ್ತರರು ಬೆರಳು ಮುಂದೆ ಚಾಚಿ, ಮುಖವನ್ನು ಮಾರುತಿಯ ಕಡೆ ತಿರುಗಿಸಿ, ಕಣ್ಣು ಮುಚ್ಚಿದರು. ಬಿದ್ದರೆ ಹಿಡಿಯಲು ಹಿಂದೆ ಇಬ್ಬರು ನಿಂತರು. ಚುಚ್ಚಿದ್ದು ಇರುವೆ ಕಡಿದಷ್ಟೂ ನೋಯಲಿಲ್ಲ. ಮಾಸ್ತರರು ಬೀಳಲಿಲ್ಲ, ಹಿಡಿಯಲು ನಿಂತ ಇಬ್ಬರಿಗೆ ಸ್ವಲ್ಪ ನಿರಾಶೆಯಾಯಿತು.

"ನೂರಾ ಎಂಬತ್ತೇಳು," ಎಂದಳು ಸಪನಾ.

ಮಾಸ್ತರರು ಕಣ್ಣು ತೆರೆದರು. "ಇನ್ನೊಮ್ಮೆ ಹೇಳವ್ವಾ."

"ನೂರಾ ಎಂಬತ್ತೇಳ್ರಿ ಸರ. ಎರಡನೂರರ ಕೆಳಗ. ಹದಿನಾರ ದಿನ ಭಜಿ ಮುಟ್ಟಿಲ್ಲ, ದಿನಾ ರೊಟ್ಟಿ ಪಲ್ಲೆ, ಗುಳಗಿ, ಮ್ಯಾಲ ಮನಿ ಮನಿ ಅಡ್ಡಾಡೀರಿ. ಇಳೀದ ಏನ ಮಾಡತೈತಿ?"

ಮಾಸ್ತರರು ಕಟ್ಟೆಯ ಮೇಲೆ ಕುಸಿದು ಕುಳಿತರು. ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಸಕ್ಕುಬಾಯಿ ಸೆರಗಿನ ಗಂಟು ಬಿಚ್ಚಿ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಉಳ್ಳಾಗಡ್ಡಿ ಮುಂದಿಟ್ಟಳು. ಊರಿನ ಎದುರಿಗೆ, ಹಗಲು ಬೆಳಕಿನಲ್ಲಿ, ಕಬ್ಬಿನ ಮರೆಯಿಲ್ಲದೆ ಅವರು ಹೊಟ್ಟೆ ತುಂಬ ಉಂಡರು. ಅಷ್ಟು ಹಗುರಾಗಿ ತಾವು ಎಂದೂ ಉಂಡಿರಲಿಲ್ಲ ಎಂದು ಆಮೇಲೆ ನನ್ನ ಮುಂದೆ ಹೇಳಿದ್ದಾರೆ. ಅಕ್ಕಾತಾಯಿ ತಾವೂ ಬೆರಳು ಚಾಚಿದರು. "ನಂದೂ ನೋಡ ಸಪನಾ. ನನ್ನ ಬೆರಳ ಯಾರೂ ಇವತ್ತಿನ ತನಕ ಕೇಳೇ ಇಲ್ಲ." ಯಂತ್ರಕ್ಕೆ ಹಾಕುವ ಇಪ್ಪತ್ತೈದು ಪರೀಕ್ಷಾ ಪಟ್ಟಿ ಮುಗಿದರೂ ಸಾಲು ಮುಗಿಯಲಿಲ್ಲ. ಉದ್ಯಾಪನೆಯ ಅಡಿಗೆಯನ್ನು ಹೊಲದಿಂದ ಬಂದ ಆಳುಗಳೂ ಶಾಲೆಯ ಮಕ್ಕಳೂ ಉಂಡು ಮುಗಿಸಿದರು, ಒಂದು ಕರಚಿಕಾಯಿಯೂ ಉಳಿಯಲಿಲ್ಲ.

ಶನಿವಾರ ಡಾಕ್ಟರು ಕಾಗದ ನೋಡಿ, ಸೂಜಿಯ ಮಾತೇ ಬೇಡ, ಹೀಗೇ ನಡೆಸಿಕೊಂಡು ಹೋಗಿ ಎಂದರು. ಸರಿತಾಬಾಯಿ ಮನೆಯ ಹೊಸ್ತಿಲಲ್ಲಿ ಗಂಡನ ತೋಳು ಹಿಡಿದು, "ನನಗೂ ಬಾಳ ಅಂಜಿಕಿ ಆಗಿತ್ತರಿ" ಎಂದರು.

ಮರುದಿನ ರವಿವಾರ, ಬಿಸಿಲು ಬಂದರೂ ಮಾಸ್ತರರು ಎದ್ದಿರಲಿಲ್ಲ. ಯಾರೋ ಬಾಗಿಲು ಬಡಿದರು. ಸರಿತಾಬಾಯಿ ತೆರೆದು ನೋಡಿದರೆ ಅಣ್ಣಾಸಾಬರು, ಪೂಜಾರಿ, ಗಿರಣಿಯವ, ಡೈರಿಯ ಸೆಕ್ರೆಟರಿ, ಎಲ್ಲ ಸೇರಿ ಏಳು ಜನ, ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

"ಊರಿಂದ ನಡಕೋತ ಬಂದೇವ್ರಿ ತಂಗಿ," ಎಂದರು ಅಣ್ಣಾಸಾಬರು. "ಸಪನಾ ಹೇಳಿದ್ಲು, ಮಾಸ್ತರರ ಹಂಗ ದಿನಾ ಮನಿ ಮನಿ ಅಡ್ಡಾಡ್ರಿ ಅಂತ. ಮದಲನೇ ಮನಿ ಇದ ಆಗಲಿ ಅಂದ್ವಿ."

ಸರಿತಾಬಾಯಿ ಒಳಗೆ ಬರ್ರಿ ಎಂದು ಚಾಪೆ ಹಾಸಿದರು. ಏಳು ಜನರೂ ಸಾಲಾಗಿ ಗೋಡೆಗೆ ಆತು ಕುಳಿತರು. ಆಕೆ ಒಲೆಯ ಮೇಲೆ ಚಹಾಕ್ಕಿಟ್ಟು, ಡಬ್ಬಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ಕೇಳಿದರು.

"ಸಕ್ಕರಿ ಎಷ್ಟ ಹಾಕಲ್ರಿ?"

ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಣಿಯಲ್ಲಿ ಜನ ಓಡಾಡುತ್ತಿದ್ದರು, ಬಾಗಿಲು ಪೂರ್ತಿ ತೆರೆದಿತ್ತು.

"ಬ್ಯಾಡ್ರಿ ತಂಗಿ, ನಮಗ ಸಕ್ಕರಿ ಐತಿ," ಎಂದರು ಏಳೂ ಜನ, ಮತ್ತು ಒಬ್ಬರೂ ದನಿ ತಗ್ಗಿಸಲಿಲ್ಲ.